ಕಾರಿಗೆ ಹಿಡಿದ ಕಿಲುಬು

ವಿದ್ಯುಚ್ಛಕ್ತಿಯನ್ನು ಕಣ್ಣಾರೆ ಕಾಣುವ ಮೊದಲು ನಾನು ಹನ್ನೊಂದು ವರ್ಷ ಅದರ ಪಾಠ ಹೇಳಿದ್ದೇನೆ. ಇದನ್ನು ಒಪ್ಪಿಕೊಳ್ಳಲು ಈಗ ನನಗೆ ನಾಚಿಕೆಯೇನಿಲ್ಲ. ಆಗ ಧೈರ್ಯವಿರಲಿಲ್ಲ, ಅಷ್ಟೆ. ನಮ್ಮ ಹುಣಸೂರಿನ ಬೀದಿಗಳಲ್ಲಿ ಇನ್ನೂ ಸೀಮೆಎಣ್ಣೆಯ ದೀಪ ಉರಿಯುತ್ತಿದ್ದ ಕಾಲ. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನಕ್ಕೂ ಭೂಗೋಳಕ್ಕೂ ನಾನೊಬ್ಬನೇ ಮೇಷ್ಟ್ರು. ಹಿಮಾಲಯ, ತಿಮಿಂಗಿಲ, ವಿದ್ಯುಚ್ಛಕ್ತಿ ಈ ಮೂರನ್ನೂ ಒಂದೇ ಸೀಮೆಸುಣ್ಣದಲ್ಲಿ ಒಂದೇ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ನನ್ನ ತಿಮಿಂಗಿಲ ಪ್ರತಿ ವರ್ಷವೂ ಬದನೆಕಾಯಿಯ ಆಕಾರಕ್ಕೇ ಬಂದು ನಿಲ್ಲುತ್ತಿತ್ತು. ಆದರೆ ಅದು ಹಾಗಿರುವುದಿಲ್ಲ ಎಂದು ಎದ್ದು ನಿಂತು ಹೇಳಬಲ್ಲವರು ಊರಿನಲ್ಲಿ ಯಾರಿದ್ದರು? ಕಂಡದ್ದನ್ನು ಹೇಳುವವನಿಗೆ ನೂರೆಂಟು ಅನುಮಾನ. ಕಾಣದ್ದನ್ನು ಹೇಳುವವನಿಗೆ ಒಂದೂ ಇಲ್ಲ. ‘ತಾಮ್ರ, ಹಿತ್ತಾಳೆಗಳಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ; ವಿದ್ಯುತ್ತಿಗೂ ನೀರಿಗೂ ಎಣ್ಣೆ ಸೀಗೆಕಾಯಿ, ಎರಡನ್ನೂ ಒಂದೆಡೆ ಸೇರಿಸಬಾರದು’ ಎಂದು ನಾನು ಹೇಳುತ್ತಿದ್ದ ಗತ್ತನ್ನು ನೋಡಿದವರು, ಈ ಮನುಷ್ಯ ದಿನಾ ಬೆಳಿಗ್ಗೆ ವಿದ್ಯುತ್ತಿನ ಜೊತೆಯಲ್ಲೇ ಕಾಫಿ ಕುಡಿದು ಬರುತ್ತಾನೆ ಎಂದುಕೊಳ್ಳಬೇಕು. ಸ್ಕೂಲಿಗೆ ಒಂದು ಪ್ರಯೋಗಶಾಲೆಯೂ ಇತ್ತು. ಅಂದರೆ ಗಾಜಿನ ಬಾಗಿಲಿನ ಒಂದು ಬೀರು. ಅದರೊಳಗೆ ಎರಡು ಗಾಜಿನ ಕೊಳವೆ, ಅರ್ಧ ಸೀಸೆ ಆಮ್ಲ. ಬೀಗದ ಕೈ ನನಗಿಂತ ಹಿಂದಿನ ಮೇಷ್ಟ್ರ ಕಾಲದಲ್ಲೇ ಕಳೆದುಹೋಗಿತ್ತು.

ಹೀಗೆ ನೆಮ್ಮದಿಯಾಗಿದ್ದ ನನಗೆ ಕಾರಿನ ಗ್ರಹಚಾರ ಗಂಟು ಬಿದ್ದದ್ದು ಮಾವನ ಮನೆಯ ಕೊಟ್ಟಿಗೆಯಿಂದ. ಮಾವನವರು ಪಿರಿಯಾಪಟ್ಟಣ ತಾಲ್ಲೂಕು ರಾವಂದೂರಿನ ಪಟೇಲರು. ಕೊಡಗಿನ ಕಡೆಯ ಕಾಫಿ ತೋಟದ ಬಿಳಿಯ ದೊರೆಯೊಬ್ಬ ತನ್ನ ಸೀಮೆಗೆ ಹೊರಟು ನಿಂತಾಗ, ಬಹಳ ವರ್ಷ ತನ್ನ ತೋಟದ ಆಳುಗಳಿಗೆ ಅಕ್ಕಿ ಒದಗಿಸಿದ ಸ್ನೇಹಕ್ಕೆಂದು ತನ್ನ ಕಾರನ್ನು ಅವರಿಗೆ ಬಿಟ್ಟುಹೋಗಿದ್ದ. ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ಮಡಚುವಂಥ, ಅಮೆರಿಕದಿಂದ ಬಂದ ಗಾಡಿ. ಮಾವನವರು ಡ್ರೈವರನ್ನಿಟ್ಟುಕೊಂಡು ಒಂದು ವರ್ಷ ಅದರಲ್ಲಿ ಮೆರೆದರು. ಆಮೇಲೆ ಡ್ರೈವರು ಹೆಗ್ಗಡದೇವನಕೋಟೆಯ ಹತ್ತಿರ ನಾಲ್ಕು ರಸ್ತೆ ಕೂಡುವ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿನ ಕೆಲಸ ಸಿಕ್ಕಿತೆಂದು ಹೊರಟುಹೋದ. ಕಾರು ಕೊಟ್ಟಿಗೆ ಸೇರಿತು. ಏಳು ವರ್ಷ ಅದರ ಮೇಲೆ ಹುಲ್ಲು ಒಟ್ಟಿದರು. ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂತು ಮೊಮ್ಮಕ್ಕಳನ್ನು ಕಂಡವು. ಅಷ್ಟರಲ್ಲಿ ಮಾವನವರ ಕೊನೆಯ ಮಗಳಿಗೆ ಹೊಳೆನರಸೀಪುರದ ಕಡೆಯ ಗಂಡು ಗೊತ್ತಾಯಿತು. ಗಂಡಿನ ಕಡೆಯವರು ರೈಲಿನಲ್ಲಿ ಕೃಷ್ಣರಾಜನಗರದವರೆಗೆ ಬಂದಿಳಿಯುವುದೆಂದೂ, ಅಲ್ಲಿಂದ ಅವರನ್ನು ನಾವು ಎದುರುಗೊಂಡು ಕರೆತರುವುದೆಂದೂ ಮಾತಾಯಿತು. ‘ಎಂಗೆ ಕರ್ಕಂಡು ಬರಾದು?’ ಎಂದು ಮಾವನವರು ಜಗುಲಿಯ ಮೇಲೆ ಕೇಳಿದರು. ನಾನು, ಯಾರೂ ನನ್ನನ್ನು ಕೇಳದಿದ್ದರೂ, ‘ನಮ್ಮ ಕಾರಿನಲ್ಲಿ’ ಎಂದೆ. ಅದಕ್ಕೆ ಕೊಟ್ಟಿಗೆಯಿಂದ ಒಂದು ಕೋಳಿ ಕೂಗಿತು.

ನಾನೇಕೆ ಹಾಗೆಂದೆ ಎನ್ನುವುದಕ್ಕೆ ನನ್ನ ಷಡ್ಡಕನ ವಿಷಯ ಹೇಳಬೇಕು. ನನ್ನ ಹೆಂಡತಿ ಸಣ್ಣಮ್ಮನ ಅಕ್ಕನನ್ನು ಹಾರನಹಳ್ಳಿಯ ಮಾದಪ್ಪನವರಿಗೆ ಕೊಟ್ಟಿದೆ. ಅವರಿಗೆ ಗದ್ದೆಯಿದೆ, ಹೊಲವಿದೆ, ಅದಕ್ಕಿಂತ ಹೆಚ್ಚಾಗಿ ಒಂದು ಜೊತೆ ಬಿಳಿ ಎತ್ತುಗಳಿವೆ. ಆ ಎತ್ತುಗಳು ಬೀದಿಯಲ್ಲಿ ಹೋದರೆ ಜನ ಮನೆಯಿಂದ ಹೊರಗೆ ಬಂದು ನೋಡುತ್ತಿದ್ದರು. ನಾನು ಹೋದರೆ ಒಳಗೆ ಹೋಗುತ್ತಿದ್ದರು, ಮಕ್ಕಳ ಫೀಜು ಕೇಳಿಬಿಡುತ್ತೇನೆಂಬ ಭಯಕ್ಕೆ. ಮಾದಪ್ಪನವರು ಜಂಬದ ಮನುಷ್ಯರಾಗಿದ್ದರೆ ನನಗೆಷ್ಟೋ ಅನುಕೂಲವಾಗುತ್ತಿತ್ತು. ಆದರೆ ಅವರು ಮಹಾ ಸಾಧು. ಯಾರ ಮನೆಯ ಮದುವೆ, ತಿಥಿ ಬಂದರೂ ದಾರಿ ಸುತ್ತಾದರೂ ಸರಿ, ಹುಣಸೂರಿಗೆ ಬಂದು ನಮ್ಮನ್ನು ತಮ್ಮ ಗಾಡಿಯಲ್ಲಿ ಹತ್ತಿಸಿಕೊಂಡೇ ಹೋಗುವವರು. ಗಾಡಿಯ ಮುಂದುಗಡೆ ಅಕ್ಕ ಒರಗಿ ಕೂರುತ್ತಿದ್ದಳು. ಹಿಂದುಗಡೆ, ಕಾಲು ಇಳಿಬಿಟ್ಟುಕೊಂಡು, ಸಣ್ಣಮ್ಮ. ಹದಿನಾಲ್ಕು ವರ್ಷ ಹೀಗೇ ನಡೆದಿತ್ತು. ಅವಳು ಒಂದು ದಿನವೂ ಒಂದು ಮಾತೂ ಆಡಿದವಳಲ್ಲ. ಕಾರಿನ ಮಾತಾದ ದಿನ ಮಾತ್ರ ಹುಣಸೂರಿಗೆ ವಾಪಸು ಬರುವ ದಾರಿಯಲ್ಲಿ ಮೆಲ್ಲಗೆ, ‘ಇದೊಂದ್ ಸಲ ನಾನು ಅಕ್ಕನ ಗಾಡಿ ಇಂದ್ಗಡೆ ಕೂತ್ಕಂಡು ಅಪ್ಪನ ಮನೆಗೆ ಓಗಲ್ಲ ಕಣ್ರೀ’ ಎಂದಳು. ನಾನು ಆಯಿತೆಂದೆ. ಆ ಕ್ಷಣದಿಂದ ಅದು ಮಾವನವರ ಕಾರಾಗಿ ಉಳಿಯಲಿಲ್ಲ.

ಕಾರು ಹುಣಸೂರಿಗೆ ಬಂದದ್ದು ಹೇಗೆ ಎಂದು ಕೇಳಬೇಡಿ. ಕೇಳಿದರೆ, ಮಾದಪ್ಪನವರ ಬಿಳಿ ಎತ್ತುಗಳು ಎಳೆದುಕೊಂಡು ಬಂದವು. ನಾನು ಒಳಗೆ ಕೂತು ಚಕ್ರ ಹಿಡಿದಿದ್ದೆ. ಪೇಟೆಬೀದಿಯಲ್ಲಿ ಅಂಗಡಿಯವರೆಲ್ಲ ಮೆಟ್ಟಿಲಿಗೆ ಬಂದು ನಿಂತು, ‘ಮೇಷ್ಟ್ರೇ, ಪೆಟ್ರೋಲ್ ಎಷ್ಟು ಕುಡಿತದೆ? ಉಳ್ಳೀಕಾಳು ಎಷ್ಟು ತಿಂತದೆ?’ ಎಂದು ವಿಚಾರಿಸಿದರು. ಮೈಸೂರಿನಿಂದ ಒಬ್ಬ ಎಂಜಿನ್ ರಿಪೇರಿಯವನನ್ನು ಕರೆಸಿದೆ. ಅವನು ನಮ್ಮ ಹಿತ್ತಲಿನಲ್ಲಿ ಎರಡು ದಿನ ಇದ್ದು, ಎಂಜಿನ್ನಿನೊಳಗಿನ ಇಲಿಗೂಡು ತೆಗೆದು, ಟೈರು ಬದಲಾಯಿಸಿ, ಹೊಸ ಬ್ಯಾಟರಿ ಕೂರಿಸಿ, ಒಂದು ಸಲ ಗುಡುಗುಡು ಎನ್ನಿಸಿ ತೋರಿಸಿದ. ಹೋಗುವಾಗ, ‘ಎಂಜಿನ್ನಿಗೆ ಏನೂ ಆಗಿಲ್ಲ ಸಾರ್. ತಂತಿಗಳ ತುದಿಯೆಲ್ಲ ಕಿಲುಬು ಹಿಡಿದು ಹಸಿರಾಗಿದೆ. ಅಲ್ಲಿ ಕರೆಂಟು ತಡೆಯುತ್ತೆ. ಒಂದೊಂದೇ ಬಿಚ್ಚಿ ಶುದ್ಧ ಮಾಡಿಸಿ. ಸಣ್ಣ ಕೆಲಸ, ಯಾರಾದರೂ ಮಾಡುತ್ತಾರೆ’ ಎಂದ. ಯಾರಾದರೂ ಎಂದಮೇಲೆ ನಾನೂ ಆಗಬಹುದಲ್ಲ. ಹ್ಯಾಂಡ್‌ಪೋಸ್ಟಿನಿಂದ ಹಳೆಯ ಡ್ರೈವರನ್ನು ಎರಡು ಭಾನುವಾರ ಕರೆಸಿಕೊಂಡು ಕಾರು ಓಡಿಸುವುದನ್ನು ಕಲಿತೆ. ಆಗ ಬಿದ್ದ ಒಂದು ಬೇಲಿ, ಒಂದು ಗೊಬ್ಬರದ ಗುಂಡಿಯ ಕಥೆ ಬೇರೆ. ಅವೆರಡೂ ನಮ್ಮದೇ ಆಗಿದ್ದವು.

ಈಗ ತಂತಿಗಳ ವಿಷಯ. ಮೂತಿಯ ಮುಚ್ಚಳ ತೆಗೆದು ಒಳಗೆ ನೋಡಿದೆ. ಒಂದೊಂದು ತಂತಿಯ ಕೊನೆಗೂ ಹಿತ್ತಾಳೆಯ ಒಂದೊಂದು ಸಣ್ಣ ಬಳೆ. ಆ ಬಳೆಯನ್ನು ತಿರುಪಿಗೆ ಸಿಕ್ಕಿಸಿ ಬಿಗಿಮಾಡಿದ್ದರು. ಎಲ್ಲದರ ಮೇಲೂ ಪಾಚಿಯಂಥ ಹಸಿರು. ಬಿಚ್ಚಿದರೆ ಯಾವುದು ಎಲ್ಲಿಯದು ಎಂದು ಮರೆತುಹೋಗಬಾರದಲ್ಲ. ಅದಕ್ಕೆ ಭೂಗೋಳದ ಮೇಷ್ಟ್ರಿಗೆ ಸಹಜವಾದ ಒಂದು ಉಪಾಯ ಮಾಡಿದೆ. ಬ್ಯಾಟರಿಗೆ ಹುಣಸೂರು ಎಂದು ಹೆಸರಿಟ್ಟೆ. ಹಾರನ್ನಿಗೆ ಪಿರಿಯಾಪಟ್ಟಣ, ಮುಂದಿನ ದೀಪಗಳಿಗೆ ಕೃಷ್ಣರಾಜನಗರ, ಎಂಜಿನ್ನಿಗೆ ಕಿಡಿ ಕೊಡುವ ಡಬ್ಬಿಗೆ ಹೆಗ್ಗಡದೇವನಕೋಟೆ, ನಮ್ಮ ಬಾಯಲ್ಲಿ ಬರೀ ಕೋಟೆ. ಎಲ್ಲ ತಂತಿಗಳೂ ಬಂದು ಕೂಡುವ ಒಂದು ಕರಿಯ ಪೆಟ್ಟಿಗೆಗೆ ಹ್ಯಾಂಡ್‌ಪೋಸ್ಟ್ ಎಂಬುದಕ್ಕಿಂತ ಒಳ್ಳೆಯ ಹೆಸರು ಯಾರಾದರೂ ಹೇಳಲಿ ನೋಡೋಣ. ಹೀಗೆ ಚೀಟಿ ಬರೆದು ತಂತಿಗಳಿಗೆ ಕಟ್ಟಿದೆ. ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು ಅಷ್ಟು ಅಚ್ಚುಕಟ್ಟಾಗಿ ಹಿಂದೆಂದೂ ಇರಲಿಲ್ಲ.

ಅಷ್ಟರಲ್ಲಿ ಬಾಬಾಜಾನ್ ಸಾಬರು ಬಂದರು. ಇವರು ನಮ್ಮ ಬೀದಿಯ ಕಲಾಯಿಯವರು. ಊರಿನ ತಾಮ್ರ ಹಿತ್ತಾಳೆ ಪಾತ್ರೆಗಳಿಗೆಲ್ಲ ಒಳಗೆ ಬಿಳಿಯ ತವರ ಎಳೆದು ಕೊಡುವವರು. ಕಲಾಯಿ ಹೋದ ಪಾತ್ರೆಯಲ್ಲಿ ಅಡಿಗೆ ಮಾಡಿದರೆ ಕಿಲುಬೇಳುತ್ತದೆ. ಆದ್ದರಿಂದ ಹೆಂಗಸರು ವರ್ಷಕ್ಕೆರಡು ಸಲ ಅವರ ದಾರಿ ಕಾಯುತ್ತಿದ್ದರು. ಸಾಬರು ದೊಡ್ಡ ಹಂಡೆಯೊಳಗೆ ಮರಳು ಹಾಕಿ, ಗೋಡೆ ಹಿಡಿದುಕೊಂಡು, ಬರಿಗಾಲಿನಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗುತ್ತ ಉಜ್ಜುವುದನ್ನು ನೋಡುವುದೇ ಒಂದು ಸೊಗಸು. ಅವರು ಕಾರಿನೊಳಗೆ ಬಗ್ಗಿ ನೋಡಿ, ಹಳೆಯ ನೆಂಟರನ್ನು ಕಂಡವರ ಹಾಗೆ ನಕ್ಕರು. ‘ಮೇಷ್ಟ್ರೇ, ಕಿಲುಬು ಅಂದ್ರೆ ನಮ್ ಕಸುಬು ಕಣ್ರೀ. ಈ ಬಳೆ ಎಲ್ಲಾ ಬಿಚ್ಚಿ ಕೊಡಿ. ಉಜ್ಜಿ, ತೊಳ್ದು, ಒಣಗ್ಸಿ, ತೆಳ್ಳಗೆ ಕಲಾಯಿ ಎಳ್ದು ಕೊಡ್ತೀನಿ. ಇನ್ನು ಅತ್ತು ವರ್ಸ ಇದರ ಕಡೆ ತಿರುಗ್ ನೋಡಂಗಿಲ್ಲ’ ಎಂದರು. ನಾನು ನಕ್ಕೆ. ಏನೂ ತಿಳಿಯದವರ ಮುಂದೆ ತಿಳಿದವನು ನಗುವ ನಗು ಅದು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ. ‘ಸಾಬರೇ, ಇದು ಅನ್ನದ ತಪ್ಪಲೆಯಲ್ಲ. ಇದರಲ್ಲಿ ವಿದ್ಯುಚ್ಛಕ್ತಿ ಹರಿಯುತ್ತದೆ’ ಎಂದೆ. ಸಾಬರು ಒಂದು ಗಳಿಗೆ ಯೋಚಿಸಿ, ‘ಅನ್ನಕ್ಕೆ ಆಗದ ಕಿಲುಬು ಕರೆಂಟಿಗೆ ಆಯ್ತದಾ ಮೇಷ್ಟ್ರೇ?’ ಎಂದು ಕೇಳಿದರು. ಪ್ರಶ್ನೆ ಪಠ್ಯಪುಸ್ತಕದಲ್ಲಿರಲಿಲ್ಲ. ಆದ್ದರಿಂದ ಅವರಿಗೆ ನಮಸ್ಕಾರ ಹೇಳಿ ಮುಚ್ಚಳ ಮುಚ್ಚಿದೆ.

ನನಗೆ ಬೇಕಾಗಿದ್ದದ್ದು ಆಮ್ಲ. ಕಿಲುಬನ್ನು ಆಮ್ಲ ಕರಗಿಸುತ್ತದೆ ಎಂದು ಪುಸ್ತಕದಲ್ಲಿತ್ತು. ಸ್ಕೂಲಿನ ಆಮ್ಲ ಬೀಗ ಹಾಕಿದ ಬೀರುವಿನಲ್ಲಿತ್ತು. ಆಗ ಹೊಳೆಯಿತು: ಸಣ್ಣಮ್ಮ ಪ್ರತಿ ಶುಕ್ರವಾರ ಬೆಳಿಗ್ಗೆ ಬಚ್ಚಲ ಕಲ್ಲಿನ ಮುಂದೆ ದೀಪ, ಗಂಟೆ, ತಂಬಿಗೆಗಳನ್ನು ರಾಶಿ ಹಾಕಿಕೊಂಡು ಹುಣಸೆಹಣ್ಣಿನಲ್ಲಿ ತಿಕ್ಕುತ್ತಾಳೆ. ಎಷ್ಟು ಕರ್ರಗಾದ ದೀಪವೂ ಅವಳ ಕೈಯಲ್ಲಿ ಎರಡೇ ಉಜ್ಜಿಗೆ ಕೆಂಪಗೆ ಮಿಂಚುತ್ತದೆ. ಹದಿನಾಲ್ಕು ವರ್ಷದಿಂದ ಕಾಫಿಲೋಟ ಹಿಡಿದುಕೊಂಡು ನಾನು ಅದನ್ನು ನೋಡಿದ್ದೇನೆ. ನೋಡಿ, ಲೋಟ ಕೆಳಗಿಟ್ಟು, ರುಮಾಲು ಸುತ್ತಿಕೊಂಡು ಸ್ಕೂಲಿಗೆ ಹೋಗಿದ್ದೇನೆ. ಹುಣಸೆಹಣ್ಣು ಎಂದರೆ ಆಮ್ಲವೇ ಅಲ್ಲವೇ? ಆದರೆ ವಿಜ್ಞಾನದ ಮೇಷ್ಟ್ರು ಅಡಿಗೆಮನೆಗೆ ಹೋಗಿ ಹುಣಸೆಹಣ್ಣು ಕೇಳುವುದು ಹೇಗೆ? ಸಣ್ಣಮ್ಮನಿಗೆ, ‘ಸ್ಕೂಲಿನಿಂದ ಒಂದು ಔಷಧಿ ತಂದಿದ್ದೇನೆ, ನೀನು ಆ ಕಡೆ ಬರಬೇಡ, ಕೈ ಸುಟ್ಟೀತು’ ಎಂದು ಹೇಳಿ, ಅವಳು ನೀರಿಗೆ ಹೋದಾಗ ಮಡಕೆಗೆ ಕೈ ಹಾಕಿ ಒಂದು ಉಂಡೆ ಕದ್ದೆ. ಒಂದು ಚಿಟಿಕೆ ಉಪ್ಪನ್ನೂ ಕದ್ದೆ. ತಿಕ್ಕಿದೆ. ಬಳೆಗಳು ಚಿನ್ನದ ಹಾಗೆ ಹೊಳೆದವು. ಮೇಲೆ ನೀರು ಹಾಕಲು ಕೈ ಹೋಯಿತು. ಆಗ ನನ್ನ ಪಾಠ ನನಗೇ ನೆನಪಾಯಿತು: ವಿದ್ಯುತ್ತಿಗೂ ನೀರಿಗೂ ಎಣ್ಣೆ ಸೀಗೆಕಾಯಿ! ಸದ್ಯ, ತಪ್ಪು ಮಾಡಲಿಲ್ಲ ಎಂದುಕೊಂಡು, ಹಳೆಯ ಪಂಚೆಯ ಚೂರಿನಿಂದ ಒರೆಸಿ, ತಿರುಪು ಬಿಗಿಮಾಡಿದೆ. ಎಂಜಿನ್ನನ್ನು ಎಬ್ಬಿಸುವ ಹ್ಯಾಂಡಲನ್ನು ಮೂತಿಗೆ ಸಿಕ್ಕಿಸಿ ತಿರುಗಿಸಿದೆ. ಕಾರು ಗುಡುಗಿತು, ಹಾರನ್ನು ಕೂಗಿತು, ಬೀದಿಯ ನಾಯಿಗಳು ಓಡಿದವು. ಅಂದಿನ ರಾತ್ರಿಯೂಟಕ್ಕೆ ನಾನು ಒಂದು ಮುದ್ದೆ ಹೆಚ್ಚಾಗಿಯೇ ತಿಂದೆ.

ಐದನೆಯ ದಿನ ಕಾರು ಮಾತಾಡಲಿಲ್ಲ. ಮುಚ್ಚಳ ತೆಗೆದೆ. ಹುಣಸೂರಿನಿಂದ ಕೋಟೆಯವರೆಗೆ ಎಲ್ಲ ಊರುಗಳೂ ಹಸಿರು. ಮೊದಲಿಗಿಂತ ಹೆಚ್ಚು ಹಸಿರು. ವಿಜ್ಞಾನಿಯಾದವನು ಹೀಗಾದಾಗ ಕಾರಣ ಹುಡುಕಬೇಕು. ನಾನು ಹುಡುಕಿದೆ, ನನ್ನೊಬ್ಬನನ್ನು ಬಿಟ್ಟು ಉಳಿದ ಎಲ್ಲ ಕಡೆ. ಕಾರಣ ಸಿಕ್ಕಿಯೂ ಬಿಟ್ಟಿತು. ಬ್ಯಾಟರಿಯ ಪೆಟ್ಟಿಗೆಯ ಮೇಲೆ ಒಂದು ಬೊಟ್ಟು ಕುಂಕುಮ, ಎರಡು ಎಸಳು ಕಣಗಿಲೆ ಹೂವು! ಸಣ್ಣಮ್ಮ ಶುಕ್ರವಾರ ದೇವರಿಗೆ ಪೂಜೆ ಮಾಡಿ, ಹಾಗೇ ಹಿತ್ತಲಿಗೆ ಬಂದು ಕಾರಿಗೂ ಇಟ್ಟು ಹೋಗಿದ್ದಳು. ನಾನು ಒಳಗೆ ಹೋಗಿ, ಕುಂಕುಮದಲ್ಲಿ ಅರಿಸಿನವಿದೆಯೆಂದೂ ಸುಣ್ಣವಿದೆಯೆಂದೂ ಅವು ಲೋಹದ ಮೇಲೆ ಹೇಗೆ ವರ್ತಿಸುತ್ತವೆಯೆಂದೂ ಕಾಲು ಗಂಟೆ ವಿವರಿಸಿದೆ. ಹೇಗೆ ವರ್ತಿಸುತ್ತವೆಯೆಂದು ನನಗೆ ತಿಳಿದಿರಲಿಲ್ಲ, ಆದರೆ ಅದು ಯಾವಾಗ ಅಡ್ಡಿಯಾಗಿದೆ? ಅವಳು ಒಲೆಯ ಮುಂದಿನಿಂದ ಏಳದೆ, ‘ಇಟ್ರೆ ಕೆಟ್ಟೋಗ್ತದೆ ಅಂದ್ರೆ ಇಡಾಕಿಲ್ಲ ಬುಡಿ’ ಎಂದಳು. ಆಮೇಲೆ, ‘ಅಂದಂಗೆ ಮಡಕೇಲಿ ಉಣ್ಸೆಅಣ್ಣು ಕಮ್ಮಿ ಆಯ್ತಾ ಅದೆ. ಇಲಿ ತಿಂತವಾ ಉಣ್ಸೆಅಣ್ಣ?’ ಎಂದು ಕೇಳಿದಳು. ‘ಕೆಲವು ಜಾತಿಯ ಇಲಿ ತಿನ್ನುತ್ತವೆ’ ಎಂದು ನಾನು ಹೇಳಿದೆ. ಮುಂದಿನ ಶುಕ್ರವಾರ ಅವಳು ಕಾರಿನ ಕಡೆ ಬರಲಿಲ್ಲ. ಅದರಾಚೆಯ ಶುಕ್ರವಾರವೂ ಬರಲಿಲ್ಲ. ಹಿತ್ತಲಿಗೆ ಹೋಗುವಾಗ ಮುಖ ತಿರುಗಿಸಿಕೊಂಡು ಹೋದಳು. ನನಗೆ ಕಸಿವಿಸಿಯಾಯಿತು. ಆದರೆ ವಿಜ್ಞಾನದಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ ಎಂದು ಗಟ್ಟಿ ಮನಸ್ಸು ಮಾಡಿಕೊಂಡೆ.

ಔಷಧಿ ನಾಟದಿದ್ದರೆ ಇನ್ನಷ್ಟು ಕೊಡಬೇಕು. ಈ ಸಲ ಎರಡು ಉಂಡೆ ಹುಣಸೆಹಣ್ಣು, ಒಂದು ಹಿಡಿ ಉಪ್ಪು. ಮತ್ತೆ ಹೊಳಪು, ಮತ್ತೆ ಗುಡುಗು, ಮತ್ತೆ ನಾಲ್ಕು ದಿನಕ್ಕೆ ಹಸಿರು. ಕುಂಕುಮವಿಲ್ಲದ ಮೇಲೂ ಹಸಿರು ಬಂತಲ್ಲ ಎಂಬ ಯೋಚನೆ ನನಗೆ ಬರಬೇಕಾಗಿತ್ತು. ಬಂತು. ಬಂದ ತಕ್ಷಣ, ‘ಗಾಳಿಯಲ್ಲಿರುವ ಧೂಳಿನ ದೋಷ’ ಎಂದು ಬೇರೆ ಕಾರಣ ಹುಡುಕಿ ಅದನ್ನು ಓಡಿಸಿದೆ. ಮದುವೆಗೆ ಎರಡು ದಿನವಿದ್ದಾಗ ಮೂರನೆಯ ಸಲ ತಿಕ್ಕಿದೆ. ಅಂಥ ತಿಕ್ಕುವಿಕೆಯನ್ನು ಹುಣಸೂರು ಕಂಡಿರಲಿಕ್ಕಿಲ್ಲ. ಹೊಳಪಿನ ಮೇಲೆ ಧೂಳು ಕೂರಬಾರದೆಂದು ಒಂದೊಂದು ಬಳೆಗೂ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿದೆ. ಹುಳಿಯನ್ನೂ ಉಪ್ಪನ್ನೂ ಒಳಗೆ ಕೂಡಿಹಾಕಿ ಮೇಲೆ ಬಾಗಿಲು ಮುಚ್ಚಿದ ಹಾಗಾಯಿತು ಎಂದು ಈಗ ತಿಳಿಯುತ್ತದೆ. ಆಗ ಮಾತ್ರ ಅದರ ಮುಂದೆ ನಿಂತು ಬಹಳ ಹೊತ್ತು ಖುಷಿಪಟ್ಟೆ. ಮಾದಪ್ಪನವರು ಬಂದಿದ್ದರು. ಅವರೂ ನಿಂತು ನೋಡಿ, ‘ಚೆನ್ನಾಗದೆ ಮೇಷ್ಟ್ರೇ’ ಎಂದರು. ಆಮೇಲೆ ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಳ್ಳುತ್ತ, ‘ಉಣಸೂರು ದಾಟ್ತಲೂ ಒಂದು ಮಾವಿನ ತೋಪು ಸಿಗ್ತದಲ್ಲ, ಅಲ್ಲಿ ಗಾಡಿ ಕಟ್ಕಂಡು ಇರ್ತೀನಿ. ಸುಮ್ಕೆ. ಎತ್ಗಳಿಗೂ ನೆರಳು’ ಎಂದರು. ಸುಮ್ಮನೆ ಎಂಬ ಆ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು.

ಮದುವಣಿಗನನ್ನು ಎದುರುಗೊಳ್ಳಲು ಹೆಣ್ಣಿನ ಕಡೆಯ ಮುತ್ತೈದೆಯೊಬ್ಬಳು ಕಳಸ ಹಿಡಿದು ಹೋಗಬೇಕು. ಸಣ್ಣಮ್ಮ ಹಸಿರು ಸೀರೆಯುಟ್ಟು, ಕಳಸ ಮಡಿಲಲ್ಲಿಟ್ಟುಕೊಂಡು, ಕಾರಿನಲ್ಲಿ ನನ್ನ ಪಕ್ಕದ ಮುಂದಿನ ಸೀಟಿನಲ್ಲಿ ಕೂತಳು. ಬೆನ್ನು ಒರಗಿಸಿ ಕೂತಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೃಷ್ಣರಾಜನಗರದ ಸ್ಟೇಷನ್ನಿನವರೆಗೆ ಕಾರು ಹೂವೆತ್ತಿದ ಹಾಗೆ ಓಡಿತು. ರೈಲು ಬಂತು. ಮದುವಣಿಗನನ್ನೂ ಅವನ ಸೋದರಮಾವನನ್ನೂ ಹಿಂದೆ ಕೂರಿಸಿಕೊಂಡೆವು. ಉಳಿದವರು ಬಸ್ಸು ಹತ್ತಿದರು. ಸೋದರಮಾವ ಎಂಬಾತ ಮೀಸೆಯ ಮನುಷ್ಯ, ಎಲ್ಲದಕ್ಕೂ ಶಕುನ ನೋಡುವ ಪೈಕಿ. ದಾರಿಯುದ್ದಕ್ಕೂ ಎಡಕ್ಕೆ ಹಾರಿದ ಹಕ್ಕಿ, ಬಲಕ್ಕೆ ಹಾರಿದ ಹಕ್ಕಿಗಳ ಲೆಕ್ಕ ಹೇಳುತ್ತಿದ್ದ. ಹುಣಸೂರಿನ ಪೇಟೆಬೀದಿಯಲ್ಲಿ ಪಿರಿಯಾಪಟ್ಟಣವನ್ನು, ಅಂದರೆ ಹಾರನ್ನನ್ನು, ಅಗತ್ಯಕ್ಕಿಂತ ನಾಲ್ಕು ಸಲ ಹೆಚ್ಚಾಗಿ ಕೂಗಿಸಿದೆ. ಊರು ದಾಟಿತು. ದೂರದಲ್ಲಿ ಮಾವಿನ ತೋಪು ಕಂಡಿತು. ಅದರ ಕೆಳಗೆ ಬಿಳಿಯ ಎರಡು ಎತ್ತು ಕಂಡವು. ಸಣ್ಣಮ್ಮ ಅತ್ತ ನೋಡದೆ ನೇರ ರಸ್ತೆಯನ್ನೇ ನೋಡುತ್ತಿದ್ದಳು. ಕಾರು ಒಂದು ಸಲ ಕೆಮ್ಮಿತು, ಎರಡು ಸಲ ಬಿಕ್ಕಿತು, ತೋಪಿಗೆ ಒಂದು ಕೂಗಳತೆ ಇರುವಾಗ ನಿಂತೇಹೋಯಿತು.

ಇಳಿದು ಮುಚ್ಚಳ ತೆಗೆದು, ಪಟ್ಟಿ ಬಿಚ್ಚಿದೆ. ಪಟ್ಟಿಯೂ ಹಸಿರಾಗಿತ್ತು. ಬಾಯಿ ತಪ್ಪಿ, ‘ಹ್ಯಾಂಡ್‌ಪೋಸ್ಟಿನಲ್ಲಿ ಕೆಟ್ಟಿದೆ’ ಎಂದುಬಿಟ್ಟೆ. ‘ಹ್ಯಾಂಡ್‌ಪೋಸ್ಟ್‌ಗೆ ನಾವ್ಯಾಕ್ರೀ ಓಗ್ಬೇಕು? ಅದು ಕೋಟೆ ದಿಕ್ಕಲ್ವಾ?’ ಎಂದು ಸೋದರಮಾವ ಕೆಳಗಿಳಿದ. ಸುತ್ತ ನೋಡಿದ. ‘ಮದ್ವೆ ಗಂಡನ್ನ ಕೂರಿಸ್ಕಂಡು ವಾಹನ ನಡುದಾರೀಲಿ ನಿಂತದೆ. ಇದು ನಂಗೆ ಸರಿಕಾಣ್ತಿಲ್ಲ. ಅಗೋ, ಅಲ್ಲಿ ಲಕ್ಷಣವಾದ ಎತ್ತಿನ ಗಾಡಿ ಅದೆ. ಅದಕ್ಕೇ ಅತ್ತಾನ ನಡಿಯಪ್ಪ’ ಎಂದು ಮದುವಣಿಗನನ್ನು ಕರೆದ. ಮಾದಪ್ಪನವರು ಆಗಲೇ ತೋಪಿನಿಂದ ಇತ್ತ ನಡೆದು ಬರುತ್ತಿದ್ದರು. ಪಾಪ, ಅವರ ಮುಖದಲ್ಲಿ ಗೆದ್ದವನ ಗುರುತು ಇಷ್ಟೂ ಇರಲಿಲ್ಲ. ನಾನು ಸಣ್ಣಮ್ಮನ ಕಡೆ ನೋಡಿದೆ. ಅವಳು ಕಳಸವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು, ಬೀಳಲು ಬಿಟ್ಟಿರಲಿಲ್ಲ. ಸತ್ಯ ಹೇಳುತ್ತೇನೆ, ಆಗ ನನಗೆ ಕಾರಿನ ಮೇಲೆ ಸಿಟ್ಟು ಬರಲಿಲ್ಲ, ಷಡ್ಡಕನ ಮೇಲೆ ಬರಲಿಲ್ಲ, ನನ್ನ ಹನ್ನೊಂದು ವರ್ಷದ ಪಾಠದ ಮೇಲೆ ಬಂತು. ‘ಏನಾಗಿದೆಯೋ ನನಗೆ ಗೊತ್ತಿಲ್ಲ ಕಣೇ’ ಎಂದೆ. ಹಾಗೆಂದು ನಾನು ಯಾರ ಮುಂದೆಯೂ ಅದುವರೆಗೆ ಹೇಳಿರಲಿಲ್ಲ.

ಅವಳು ಕಳಸವನ್ನು ಸೀಟಿನ ಮೇಲಿಟ್ಟು ಇಳಿದು ಬಂದಳು. ಬಗ್ಗಿ ನೋಡಿದಳು. ಒಂದು ಬಳೆಯನ್ನು ಬೆರಳಿನಿಂದ ಒರೆಸಿ, ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ನನ್ನನ್ನು ನೋಡಿದ ನೋಟವಿದೆಯಲ್ಲ, ಅದು ಸ್ಕೂಲು ತನಿಖೆಗೆ ಬರುವ ಇನ್‌ಸ್ಪೆಕ್ಟರರಿಗೂ ಬರುವುದಿಲ್ಲ. ‘ಉಣ್ಸೆಅಣ್ಣು’ ಎಂದಳು. ‘ಇಲಿ ನೀವೇನಾ?’ ನಾನು ತಂತಿಯ ಚೀಟಿ ಸರಿಮಾಡತೊಡಗಿದೆ. ‘ತಿಕ್ಕಿ ಆದ್ಮೇಲೆ ತೊಳುದ್ರಾ?’ ಇಲ್ಲವೆಂದು ತಲೆಯಾಡಿಸಿದೆ. ‘ಬೂದಿ ಆಕಿ ಉಜ್ಜುದ್ರಾ? ಬಿಸ್ಲಿಗೆ ಇಟ್ರಾ?’ ಮತ್ತೆ ತಲೆಯಾಡಿಸಿದೆ. ‘ಅಲ್ಲಾ, ವಾರವಾರ ಮುಂದೆ ನಿಂತ್ಕಂಡು ನೋಡ್ತಿದ್ರಲ್ರೀ? ಹುಳಿ ಅಂಗೇ ಬುಟ್ರೆ ಹಿತ್ತಾಳೆಗೆ ಕಿಲುಬು ಬರದೆ ಇನ್ನೇನ್ ಬತ್ತದೆ?’ ಎಂದಳು. ಆಗ ನನಗೆ ಅರ್ಥವಾಯಿತು. ಹದಿನಾಲ್ಕು ವರ್ಷ ನಾನು ನೋಡಿದ್ದು ಹುಣಸೆಹಣ್ಣನ್ನು ಮಾತ್ರ. ಅವಳು ಬೂದಿಗೆ ಕೈ ಹಾಕುವ ಹೊತ್ತಿಗೆ ನನ್ನ ಕಾಫಿ ಮುಗಿದು ನಾನು ಎದ್ದುಹೋಗಿರುತ್ತಿದ್ದೆ. ಉಳಿದರ್ಧ ಹೇಗಿರುತ್ತದೆ ಎಂದು ಒಂದು ದಿನವೂ ನಿಂತು ನೋಡಿದವನಲ್ಲ. ಸಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಬಾವ, ಒಲೆ ಹಚ್ಚಿದ್ರಾ ತೋಪಲ್ಲಿ? ಒಂದಿಷ್ಟು ಬೂದಿ, ಒಂದು ತಂಬಿಗೆ ನೀರು ತನ್ನಿ’ ಎಂದು ಕೂಗಿದಳು. ಮಾದಪ್ಪನವರು ಏನೂ ಕೇಳದೆ ತಿರುಗಿ ಓಡಿದರು. ಅವರು ಓಡಿದ್ದನ್ನೂ ನಾನು ನೋಡಿದ್ದು ಅದೇ ಮೊದಲು.

ನಾನು ಬಳೆಗಳನ್ನು ಬಿಚ್ಚಿ ಬಿಚ್ಚಿ ಹೊರಕ್ಕೆ ಹಿಡಿದೆ, ಅವಳು ಉಜ್ಜಿದಳು. ನೀರು ಸುರಿಯುವಾಗ ಮಾತ್ರ ತಡೆಯಲಾರದೆ, ‘ನೀರು ತಾಗಿಸಬೇಡ! ವಿದ್ಯುತ್ತಿಗೆ ನೀರು ಆಗದು!’ ಎಂದೆ. ‘ಮಳೆ ಬಂದ್ರೆ ದೊರೆ ಇದನ್ನ ತಲೆ ಮೇಲೆ ಒತ್ಕಂಡು ಓಗ್ತಿದ್ನಾ?’ ಎಂದು ಕೇಳಿ ಅವಳು ನೀರು ಸುರಿದೇ ಸುರಿದಳು. ಬೂದಿಯಲ್ಲಿ ಉಜ್ಜಿ, ತೊಳೆದು, ಸೆರಗಿನಿಂದ ಒರೆಸಿ, ಬಿಸಿಲಿಗೆ ಕಾದ ಮುಚ್ಚಳದ ಮೇಲೆ ತಂತಿಗಳ ತುದಿಯನ್ನು ಒಣಗಲಿಟ್ಟಳು. ಮದುವಣಿಗ ತಾನೂ ಬಂದು ಒಂದು ತಂತಿ ಹಿಡಿದುಕೊಂಡು ನಿಂತ. ಸೋದರಮಾವ ಅಷ್ಟು ಹೊತ್ತೂ ಆಕಾಶ ನೋಡುತ್ತಿದ್ದ. ಹಕ್ಕಿ ಯಾವುದೂ ಬರಲಿಲ್ಲ. ಒಣಗಿದವುಗಳನ್ನು ಹೆಸರು ನೋಡಿ ನೋಡಿ ಅವರವರ ಊರಿಗೆ ಸೇರಿಸಿ ಬಿಗಿಮಾಡಿದೆ. ಹ್ಯಾಂಡಲಿಗೆ ಕೈಹಾಕುವ ಮೊದಲು ಸಣ್ಣಮ್ಮ ಕಳಸದ ತಟ್ಟೆಯಿಂದ ಕುಂಕುಮ ತೆಗೆದುಕೊಂಡು, ನನ್ನ ಮುಖವನ್ನೇ ನೋಡುತ್ತ, ಬ್ಯಾಟರಿಯ ಪೆಟ್ಟಿಗೆಗೆ ಒಂದು ಬೊಟ್ಟು ಇಟ್ಟಳು. ನಾನು ಲೋಹದ ವಿಷಯ ಏನೂ ಹೇಳಲಿಲ್ಲ. ಒಂದೇ ತಿರುವಿಗೆ ಕಾರು ಗುಡುಗಿತು.

ರಾವಂದೂರಿನ ಊರಬಾಗಿಲಲ್ಲಿ ವಾಲಗದವರು ಕಾದಿದ್ದರು. ಕಾರು ಬಂದು ನಿಂತಾಗ ಮುಂದಿನ ಸೀಟಿನಿಂದ ಸಣ್ಣಮ್ಮ ಕಳಸ ಹಿಡಿದು ಇಳಿದಳು. ಅಕ್ಕ ಬಂದು ಅವಳ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಸೋದರಮಾವ ದಾರಿಯಲ್ಲಿ ಕಾರು ಕೆಟ್ಟದ್ದನ್ನೂ ಅಲ್ಲೇ ಸರಿಯಾದದ್ದನ್ನೂ ಊರಿಗೆಲ್ಲ ಹೇಳಿಯಾಗಿತ್ತು. ಅವನ ಕಥೆಯಲ್ಲಿ ಅದನ್ನು ಸರಿಮಾಡಿದವನು ನಾನಾಗಿದ್ದೆ, ಹೆಂಗಸು ನೀರು ಕೊಟ್ಟಿದ್ದಳು. ಮಾವನವರು ನನ್ನ ಬೆನ್ನು ತಟ್ಟಿ, ‘ಇದ್ಯೆ ಅಂದ್ರೆ ಇದು ಕಣ್ರಪ್ಪಾ! ಇನ್ಮೇಲೆ ಈ ಕಾರು ಮೇಷ್ಟ್ರುದೇ’ ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಆಗ ನಾನು ಬಾಯಿ ಬಿಟ್ಟು ನಿಜ ಹೇಳಬೇಕಾಗಿತ್ತು. ಬಾಯಿ ಬಿಟ್ಟೆ. ವಾಲಗದ ಸದ್ದು ಜೋರಾಗಿತ್ತು ಎಂದು ನೆಪ ಹೇಳಬಹುದು. ಆದರೆ ನಡೆದದ್ದು ಏನೆಂದರೆ, ನಾನು ನಕ್ಕು ಸುಮ್ಮನಾದೆ. ಸಣ್ಣಮ್ಮ ಬೂದಿಯಾದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು. ಮಾದಪ್ಪನವರು ಮಾತ್ರ ಹೊತ್ತು ಮುಳುಗುವಾಗ ಬಂದು ಗಾಡಿ ನಿಲ್ಲಿಸಿ, ಎತ್ತುಗಳ ಕೊರಳಿನ ಹಗ್ಗ ಬಿಚ್ಚುತ್ತ, ಅವಳ ಕಡೆ ನೋಡಿ ಒಂದು ಸಲ ತಲೆ ಬಾಗಿಸಿದರು.

ಹುಣಸೂರಿಗೆ ಬಂದ ಮೇಲೆ ಬಾಬಾಜಾನ್ ಸಾಬರನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಅವರು ಬಳೆಗಳನ್ನೆಲ್ಲ ಬಿಚ್ಚಿ, ಒಲೆ ಹೂಡಿ, ತವರ ಹಿಡಿಯಲೆಂದು ಉದುರಿಸುವ ನವಸಾಗರದ ಪುಡಿಯ ಹೊಗೆ ಎಬ್ಬಿಸಿ, ಒಂದೊಂದಕ್ಕೂ ಬೆಳ್ಳಗೆ ಕಲಾಯಿ ಎಳೆದು ಕೊಟ್ಟರು. ‘ಕರೆಂಟು ಹರಿತದಾ ಮೇಷ್ಟ್ರೇ?’ ಎಂದು ಕೇಳಿದರು. ಹರಿಯುತ್ತದೆ ಎಂದು ಒಪ್ಪಿಕೊಂಡೆ. ಅದರ ಮರುದಿನ ಶುಕ್ರವಾರ. ಸಣ್ಣಮ್ಮ ಬಚ್ಚಲ ಕಲ್ಲಿನ ಮುಂದೆ ದೀಪಗಳನ್ನು ರಾಶಿ ಹಾಕಿಕೊಂಡು ಕೂತಳು. ನಾನು ಕಾಫಿ ಮುಗಿಸಿದೆ, ಆದರೆ ಏಳಲಿಲ್ಲ. ‘ಇಸ್ಕೂಲಿಲ್ವಾ?’ ಎಂದಳು. ‘ಇವತ್ತು ಕೊನೆಯವರೆಗೂ ನೋಡಿಕೊಂಡು ಹೋಗುತ್ತೇನೆ’ ಎಂದೆ. ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು; ಆಮೇಲೆ ಅರ್ಧ ರಾಶಿಯನ್ನು ನನ್ನ ಕಡೆ ದೂಡಿದಳು. ‘ಅದ್ನಾಕು ವರ್ಸ ನೋಡಿದ್ದು ಸಾಕು. ತೊಳೀರಿ.’

ಯುದ್ಧ ಶುರುವಾಗಿ ಪೆಟ್ರೋಲು ಸಿಗುವುದು ಕಷ್ಟವಾದ ಮೇಲೆ ಕಾರು ಮತ್ತೆ ರಾವಂದೂರಿನ ಕೊಟ್ಟಿಗೆಗೇ ಹೋಯಿತು. ಬಿಳಿ ಎತ್ತುಗಳೇ ಎಳೆದುಕೊಂಡು ಹೋದವು. ಕೋಳಿಗಳು ಮತ್ತೆ ಒಕ್ಕಲು ಬಂದಿವೆಯಂತೆ. ಬಳೆಗಳಿಗೆ ಮಾತ್ರ ಇನ್ನೂ ಕಿಲುಬು ಹಿಡಿದಿಲ್ಲವಂತೆ. ಕಾರು ಹೋದರೂ ನನ್ನ ಪಾಲಿನ ರಾಶಿ ಹೋಗಲಿಲ್ಲ. ಶುಕ್ರವಾರ ಬೆಳಿಗ್ಗೆ ರುಮಾಲು ಸುತ್ತುವ ಮೊದಲು ಹುಣಸೆಹಣ್ಣು, ಬೂದಿ, ನೀರು, ಬಿಸಿಲು ನಾಲ್ಕನ್ನೂ ಕ್ರಮವಾಗಿ ಮುಗಿಸಿ, ತೊಳೆದದ್ದನ್ನು ಸಾಲಾಗಿ ಜೋಡಿಸಿ ಕಾದಿರುತ್ತೇನೆ. ಸಣ್ಣಮ್ಮ ಬಂದು ಒಂದು ದೀಪದ ಕಾಲನ್ನು ಬೆರಳಿನಿಂದ ಒರೆಸಿ, ಮೂಗಿನ ಹತ್ತಿರ ಹಿಡಿದು, ‘ಇನ್ನೂ ಹುಳಿ ಅದೆ’ ಎಂದು ವಾಪಸು ಕೊಡುತ್ತಾಳೆ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಹುಡುಗನನ್ನೂ ಒಂದೇ ಪಾಠಕ್ಕೆ ನಾನು ಇಷ್ಟು ಸಲ ಫೇಲು ಮಾಡಿಲ್ಲ.